34 ಜನರ ಘಟಕ 150 ಆದಾಗ: ಲಿಖಿತ ನಿಯಮಗಳಿಂದ ಕೆಲಸ ಸುಧಾರಿಸುತ್ತದೆಯೇ, ಕಡತ ಮಾತ್ರ ದಪ್ಪವಾಗುತ್ತದೆಯೇ?

ಪೀಣ್ಯದ ಪಾಲುದಾರ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಾನು ಮತ್ತು ನನ್ನ ಅಣ್ಣ ಸೇರಿ ಯಂತ್ರಭಾಗಗಳನ್ನು ತಯಾರಿಸುವ ಘಟಕವೊಂದನ್ನು ನಡೆಸುತ್ತಿದ್ದೇವೆ. ಹೈಡ್ರಾಲಿಕ್ ವಾಲ್ವ್‌ಗಳ ಒಳಭಾಗಗಳು ನಮ್ಮ ಮುಖ್ಯ ಉತ್ಪನ್ನ. ನಾಲ್ಕು ವರ್ಷಗಳ ಹಿಂದೆ ನಮ್ಮಲ್ಲಿ 34 ಜನರಿದ್ದರು. ಇಬ್ಬರು ದೊಡ್ಡ ಗ್ರಾಹಕರು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಸಿಕ್ಕ ಮೇಲೆ ಎರಡು ಪಾಳಿ ಮೂರಾಯಿತು, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳು ಒಂಬತ್ತರಿಂದ ಮೂವತ್ತೊಂದಕ್ಕೇರಿದವು, ಗುತ್ತಿಗೆಯವರನ್ನೂ ಸೇರಿಸಿ ಈಗ 150 ಜನರಿದ್ದಾರೆ. ವಹಿವಾಟು ಬೆಳೆದಷ್ಟು ಲಾಭ ಬೆಳೆದಿಲ್ಲ. ರಾತ್ರಿ ಪಾಳಿಯ ರಿಜೆಕ್ಷನ್, ಅಂದರೆ ದೋಷವಿದ್ದು ತಿರಸ್ಕೃತವಾಗುವ ಭಾಗಗಳು, ಹಗಲಿನ ಎರಡರಷ್ಟಿದೆ, ಹೊಸದಾಗಿ ಸೇರಿದವರಲ್ಲಿ ಹಲವರು ಮೂರು ತಿಂಗಳು ತುಂಬುವ ಮೊದಲೇ ಬಿಟ್ಟು ಹೋಗುತ್ತಿದ್ದಾರೆ.

ಘಟಕ ಚಿಕ್ಕದಿದ್ದಾಗ ನಮ್ಮಲ್ಲಿ ಮಾನವ ಸಂಪನ್ಮೂಲ ವಿಭಾಗವೆಂದರೆ ಅಣ್ಣನ ಅಂಗಿಯ ಜೇಬಿನಲ್ಲಿರುವ ಒಂದು ಡೈರಿ. ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ, ಯಾರ ಮಗಳ ಮದುವೆಗೆ ಎಷ್ಟು ದಿನ ರಜೆ, ಆಯುಧಪೂಜೆಗೆ ಯಾರ ಲಕೋಟೆಯಲ್ಲಿ ಎಷ್ಟು ಹಾಕಬೇಕು, ಎಲ್ಲವೂ ಅದರಲ್ಲೇ ಇರುತ್ತಿತ್ತು. ಪ್ರತಿಯೊಬ್ಬರ ಸಂಬಳವನ್ನೂ ಅವರವರ ಮುಖ ನೋಡಿಯೇ ನಿರ್ಧರಿಸಿದ್ದೆವು, ಅದರಲ್ಲಿ ಅನ್ಯಾಯವಾಗಿದೆ ಎಂದು ಯಾರೂ ದೂರಿರಲಿಲ್ಲ. ಕಳೆದ ಜೂನ್‌ನಲ್ಲಿ ಒಂದು ಘಟನೆ ನಡೆಯಿತು. ಹತ್ತು ವರ್ಷಗಳಿಂದ ನಮ್ಮಲ್ಲಿದ್ದ ಟರ್ನಿಂಗ್ ವಿಭಾಗದ ಹಿರಿಯ ಆಪರೇಟರ್ ಒಬ್ಬರು, ತಾವೇ ಕೆಲಸ ಕಲಿಸಿದ ಹುಡುಗನ ಸಂಬಳ ತಮ್ಮದಕ್ಕಿಂತ 2,500 ರೂಪಾಯಿ ಹೆಚ್ಚಿದೆ ಎಂಬುದನ್ನು ಅವನ ಮೊಬೈಲ್‌ಗೆ ಬಂದ ಬ್ಯಾಂಕಿನ ಸಂದೇಶ ನೋಡಿ ತಿಳಿದುಕೊಂಡರು. ಜಗಳವಾಡಲಿಲ್ಲ, ಕೇಳಲೂ ಇಲ್ಲ. ಮರುವಾರ ಕೆಲಸ ಬಿಟ್ಟರು. ಅವರ ಹಿಂದೆಯೇ ಇನ್ನೂ ಮೂವರು ಹೋದರು.

ಆ ಬಳಿಕ ಒಬ್ಬ ಸಲಹೆಗಾರರನ್ನು ನೇಮಿಸಿಕೊಂಡೆವು. ಅವರು ಎರಡು ತಿಂಗಳಲ್ಲಿ 86 ಪುಟಗಳ ನೀತಿ ಕೈಪಿಡಿಯನ್ನೂ ಹನ್ನೆರಡು ಅಂಕಣಗಳ ಕಾರ್ಯಮೌಲ್ಯಮಾಪನ ನಮೂನೆಯನ್ನೂ ತಯಾರಿಸಿ ಕೊಟ್ಟರು. ಎರಡೂ ಇಂಗ್ಲಿಷಿನಲ್ಲಿವೆ. ನಮ್ಮ ಸೂಪರ್‌ವೈಸರ್‌ಗಳು ಎಲ್ಲರಿಗೂ ಎಲ್ಲ ಅಂಕಣಗಳಲ್ಲಿಯೂ ಐದಕ್ಕೆ ಮೂರು ಅಂಕ ತುಂಬಿ ಒಂದೇ ಮಧ್ಯಾಹ್ನದಲ್ಲಿ ಹಿಂತಿರುಗಿಸಿದರು. ಅಣ್ಣನ ಅಭಿಪ್ರಾಯದಲ್ಲಿ ಇದೆಲ್ಲ ದೊಡ್ಡ ಕಂಪನಿಗಳ ಅಲಂಕಾರ, ನಮ್ಮಂಥವರಿಗೆ ಮನುಷ್ಯ ಸಂಬಂಧವೇ ಬಂಡವಾಳ. ನನಗೆ ಹಾಗನ್ನಿಸುತ್ತಿಲ್ಲ, ಆದರೆ ಅವರೊಡನೆ ವಾದಿಸುವುದಕ್ಕೆ ಬೇಕಾದ ಆಧಾರಗಳೂ ನನ್ನ ಬಳಿ ಇಲ್ಲ. ವೇಗವಾಗಿ ಬೆಳೆಯುವ ಘಟಕಗಳಲ್ಲಿ ಸಿಬ್ಬಂದಿಗೆ ಸಂಬಂಧಿಸಿದ ಲಿಖಿತ ಪದ್ಧತಿಗಳಿಂದ ಉತ್ಪಾದನೆಯೋ ಲಾಭವೋ ನಿಜವಾಗಿ ಹೆಚ್ಚುತ್ತದೆಯೇ? ಹೆಚ್ಚುವುದಾದರೆ ಯಾವುದನ್ನು ಮೊದಲು ಮಾಡಬೇಕು? ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಹಾಜರಿಪುಸ್ತಕ ಉತ್ತರಿಸಿದ್ದು

ಪಾಲುದಾರರೇ, ಇಪ್ಪತ್ತೆರಡು ವರ್ಷಗಳಿಂದ ಬೇರೆ ಬೇರೆ ಕಾರ್ಖಾನೆಗಳಲ್ಲಿ ಸಿಬ್ಬಂದಿ ವಿಭಾಗವನ್ನು ನೋಡಿಕೊಂಡಿದ್ದೇನೆ. ನಿಮ್ಮ ಅಣ್ಣನವರ ಮಾತನ್ನು ಪೂರ್ತಿ ತಳ್ಳಿಹಾಕುವವನು ನಾನಲ್ಲ. 34 ಜನರಿದ್ದಾಗ ಆ ಡೈರಿ ಒಳ್ಳೆಯ ವ್ಯವಸ್ಥೆಯೇ ಆಗಿತ್ತು, ಏಕೆಂದರೆ ಅದರಲ್ಲಿ ಏನು ಬರೆದಿದೆ ಎಂಬುದು 34 ಜನರಿಗೂ ಹೆಚ್ಚುಕಡಿಮೆ ತಿಳಿದಿತ್ತು. ಬರೆಯುವವರು ಪ್ರತಿದಿನ ಕಣ್ಣೆದುರು ಓಡಾಡುತ್ತಿದ್ದರು, ತಪ್ಪಿದ್ದರೆ ಚಹಾ ಕುಡಿಯುವಾಗ ಹೇಳಿ ಸರಿಮಾಡಿಸಿಕೊಳ್ಳಬಹುದಿತ್ತು. ಈಗ ಮೂರನೇ ಪಾಳಿಯ ಹುಡುಗ ನಿಮ್ಮ ಅಣ್ಣನವರನ್ನು ತಿಂಗಳಿಗೊಮ್ಮೆಯೂ ನೋಡುವುದಿಲ್ಲ. ಅವನ ಪಾಲಿಗೆ ಡೈರಿ ಎಂದರೆ ಯಾರದೋ ಜೇಬಿನಲ್ಲಿರುವ ತನ್ನ ಭವಿಷ್ಯ.

ಯಾವುದು ಮೊದಲು ಎಂಬ ಪ್ರಶ್ನೆಗೆ ನಾನು ಅನುಭವದಿಂದ ಕಂಡುಕೊಂಡ ಉತ್ತರ ಇಷ್ಟು: ನೌಕರನು ಮನೆಗೆ ಹೋಗಿ ಹೆಂಡತಿಯೊಡನೆ ಕುಳಿತು ಯಾವುದರ ಲೆಕ್ಕ ಹಾಕುತ್ತಾನೋ ಅದನ್ನು ಮೊದಲು ಬರಹಕ್ಕೆ ತನ್ನಿ. ಹಾಜರಿ, ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ), ರಜೆ, ಕಡಿತ, ಮುಂಗಡ, ಮುಂದಿನ ಹೆಚ್ಚಳ ಯಾವಾಗ ಮತ್ತು ಯಾವ ಆಧಾರದ ಮೇಲೆ ಎಂಬುದು. ಕಚೇರಿಯು ನೌಕರನ ಬಗ್ಗೆ ಏನನ್ನು ಅಳೆಯಬಯಸುತ್ತದೆಯೋ ಆ ನಮೂನೆಗಳೆಲ್ಲ ಆಮೇಲಿನವು. ನಿಮ್ಮ ಸಲಹೆಗಾರರು ಎರಡನೆಯದರಿಂದ ಆರಂಭಿಸಿದ್ದಾರೆ. ಹೆಚ್ಚಿನವರು ಹಾಗೆಯೇ ಮಾಡುತ್ತಾರೆ, ನಮೂನೆಗಳು ಸಿದ್ಧವಾಗಿ ಸಿಗುತ್ತವಲ್ಲ.

ಈ ಕ್ರಮ ತಪ್ಪಿದರೆ ಏನಾಗಬಹುದು ಎಂಬುದನ್ನು ನಮ್ಮ ರಾಜ್ಯವೇ ನೋಡಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ಕಾರ್ಮಿಕರ ಸಿಟ್ಟು ಸ್ಫೋಟಗೊಂಡದ್ದು, ಗಾಜು ಒಡೆದು ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಹಿಂಸೆಯನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆದರೆ ಆ ಬಳಿಕ ರಾಜ್ಯದ ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಪರಿಶೀಲಿಸಿ ಕಂಡುಕೊಂಡದ್ದನ್ನು ವೇಗವಾಗಿ ಬೆಳೆಯುತ್ತಿರುವ ಪ್ರತಿಯೊಬ್ಬ ಮಾಲೀಕರೂ ಗಮನಿಸಬೇಕು. ಅಲ್ಪ ಕಾಲದಲ್ಲಿ ಸಿಬ್ಬಂದಿಯ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು, ಆದರೆ ಮಾನವ ಸಂಪನ್ಮೂಲ ವಿಭಾಗವನ್ನು ಆ ಪ್ರಮಾಣಕ್ಕೆ ತಕ್ಕಂತೆ, ಕಾರ್ಮಿಕ ಕಾನೂನು ಬಲ್ಲವರನ್ನಿಟ್ಟು ಕಟ್ಟಿರಲಿಲ್ಲ. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾದಾಗ ಸಂಬಳದ ಲೆಕ್ಕ ಹೇಗೆ ಎಂಬ ಗೊಂದಲ ಕಾರ್ಮಿಕರಲ್ಲಿ ಉಳಿದುಹೋಗಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆಯಲ್ಲಿ ದೋಷವಿತ್ತು. ಬಹುಪಾಲು ಜನ ಹಲವು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರಾದ್ದರಿಂದ ಯಾರನ್ನು ಕೇಳಬೇಕೆಂಬುದೂ ಸ್ಪಷ್ಟವಿರಲಿಲ್ಲ. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಪಾವತಿಯಾಗಿಲ್ಲವೆಂದು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ದೋಷಗಳು ಸರಿಹೋಗುವವರೆಗೆ ಹೊಸ ವ್ಯವಹಾರ ಕೊಡುವುದಿಲ್ಲವೆಂದು ಆ್ಯಪಲ್ ಹೇಳಿತು. ಅಲ್ಲಿ ಮೌಲ್ಯಮಾಪನದ ನಮೂನೆಗಳ ಕೊರತೆಯಿಂದ ತೊಂದರೆಯಾದದ್ದಲ್ಲ. ದುಡಿದ ಗಂಟೆಗೂ ಕೈಗೆ ಬಂದ ರೂಪಾಯಿಗೂ ನಡುವಿನ ಲೆಕ್ಕ ಕಾರ್ಮಿಕನಿಗೆ ಅರ್ಥವಾಗದೆ ಹೋದದ್ದೇ ಮೂಲ.

ನಾನು ಹಿಂದೆ ಇದ್ದ ಒಂದು ಕಾರ್ಖಾನೆಯಲ್ಲಿ, ಹೆಸರು ಬೇಡ, ಪ್ರತಿ ತಿಂಗಳು ಏಳನೆಯ ತಾರೀಖು ಸಿಬ್ಬಂದಿ ಕಚೇರಿಯ ಕಿಟಕಿಯ ಮುಂದೆ ನಲವತ್ತು ಐವತ್ತು ಜನರ ಸಾಲು ನಿಲ್ಲುತ್ತಿತ್ತು. ಎಲ್ಲರದೂ ಒಂದೇ ಪ್ರಶ್ನೆ: ನನ್ನ ಓಟಿ ಏಕೆ ಕಡಿಮೆಯಾಗಿದೆ? ಒಬ್ಬೊಬ್ಬರಿಗೆ ಹತ್ತು ನಿಮಿಷವೆಂದರೂ ಯಂತ್ರಗಳ ಮುಂದೆ ಎಷ್ಟು ಗಂಟೆ ಖಾಲಿಯಾಯಿತೆಂದು ನೀವೇ ಲೆಕ್ಕ ಹಾಕಿ. ನಾವು ಮಾಡಿದ್ದು ಇಷ್ಟೇ. ತಿಂಗಳ ಒಂದನೇ ತಾರೀಖು ಪ್ರತಿಯೊಬ್ಬರ ದಿನವಾರು ಹಾಜರಿ ಮತ್ತು ಓಟಿ ಗಂಟೆಗಳ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ಕ್ಯಾಂಟೀನ್ ಗೋಡೆಗೆ ಅಂಟಿಸಿದೆವು. ತಕರಾರಿದ್ದವರು ಮೂರನೇ ತಾರೀಖಿನೊಳಗೆ ತಮ್ಮ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಮೊದಲ ತಿಂಗಳು ಪಟ್ಟಿಯ ತುಂಬ ಗುರುತುಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಜಕ್ಕೂ ನಮ್ಮ ತಪ್ಪುಗಳೇ ಆಗಿದ್ದವು. ನಾಲ್ಕನೇ ತಿಂಗಳಿಗೆ ಕಿಟಕಿಯ ಮುಂದಿನ ಸಾಲು ಕರಗಿತು. ಇದಕ್ಕೆ ಸಾಫ್ಟ್‌ವೇರ್ ಬೇಕಾಗಲಿಲ್ಲ, ಸಲಹೆಗಾರರೂ ಬೇಕಾಗಲಿಲ್ಲ.

86 ಪುಟಗಳ ಕೈಪಿಡಿಯನ್ನು ಸದ್ಯಕ್ಕೆ ಕಪಾಟಿನಲ್ಲಿಡಿ. ಅದರಿಂದ ಆರು ಪುಟಗಳನ್ನು ಕನ್ನಡದಲ್ಲಿ ಬರೆಸಿಕೊಳ್ಳಿ, ಅದನ್ನು ಮೂರೂ ಪಾಳಿಗಳಲ್ಲಿ ನೀವೇ ನಿಂತು ಓದಿ ಹೇಳಿ.

ಧಾರವಾಡದ ಮೇಷ್ಟ್ರು ಉತ್ತರಿಸಿದ್ದು

ಪಾಲುದಾರರು ಆಧಾರಗಳನ್ನು ಕೇಳಿದ್ದಾರೆ. ನಾನು ನಿರ್ವಹಣಾಶಾಸ್ತ್ರವನ್ನು ಬೋಧಿಸುವವನು, ಆದ್ದರಿಂದ ನನ್ನ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಕ್ಷಮೆಯಿರಲಿ.

ಈ ವಿಷಯದಲ್ಲಿ ಎಲ್ಲರೂ ಮೊದಲು ಉಲ್ಲೇಖಿಸುವುದು ಮಾರ್ಕ್ ಹ್ಯೂಸ್ಲಿಡ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅಮೆರಿಕದ 968 ಕಂಪನಿಗಳಲ್ಲಿ ಆಯ್ಕೆ, ತರಬೇತಿ, ಮೌಲ್ಯಮಾಪನ, ಪ್ರೋತ್ಸಾಹಧನ ಮುಂತಾದ ವ್ಯವಸ್ಥಿತ ಪದ್ಧತಿಗಳು ಎಷ್ಟರಮಟ್ಟಿಗೆ ಇವೆ ಎಂಬುದನ್ನು ಅಳೆದು ನೋಡಿದಾಗ, ಅವು ಹೆಚ್ಚಿರುವಲ್ಲಿ ಕೆಲಸ ಬಿಡುವವರು ಕಡಿಮೆ, ತಲಾ ಮಾರಾಟ ಹೆಚ್ಚು ಎಂಬುದು ಕಂಡುಬಂದಿತು. ಸಲಹೆಗಾರರ ಪ್ರಾತ್ಯಕ್ಷಿಕೆಗಳಲ್ಲಿ ಇದು ತಪ್ಪದೆ ಇರುತ್ತದೆ. ಆದರೆ ಇದರಿಂದ ಮಾತ್ರ ನಿಮ್ಮ ಅಣ್ಣನವರನ್ನು ಒಪ್ಪಿಸಲು ಹೊರಟರೆ ಅವರು ಸರಿಯಾದ ಪ್ರಶ್ನೆಯನ್ನೇ ಕೇಳಬಹುದು: ಚೆನ್ನಾಗಿ ನಡೆಯುತ್ತಿರುವ ಕಂಪನಿಗಳ ಕೈಯಲ್ಲಿ ಹಣವಿರುವುದರಿಂದ ಅವು ಇಂಥ ಪದ್ಧತಿಗಳನ್ನು ಇಟ್ಟುಕೊಂಡಿರಬಹುದಲ್ಲವೇ? ಬೆಳೆ ಬಂದವನು ಬಾವಿ ತೋಡಿಸಿದನೋ, ಬಾವಿ ತೋಡಿಸಿದ್ದರಿಂದ ಬೆಳೆ ಬಂತೋ ಎಂಬುದು ಅಂಥ ಅಧ್ಯಯನಗಳಿಂದ ಪೂರ್ತಿ ತೀರ್ಮಾನವಾಗುವುದಿಲ್ಲ.

ಅದಕ್ಕೆ ಪ್ರಯೋಗವೇ ಆಗಬೇಕು, ಮತ್ತು ಅಂಥದೊಂದು ಪ್ರಯೋಗ ನಮ್ಮ ದೇಶದಲ್ಲೇ ನಡೆದಿದೆ. ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬಯಿಯ ಬಳಿಯ 17 ಜವಳಿ ಸಂಸ್ಥೆಗಳ 28 ಘಟಕಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಕೆಲವು ಘಟಕಗಳಿಗೆ ಮಾತ್ರ ಐದು ತಿಂಗಳ ಕಾಲ ಉಚಿತವಾಗಿ ನಿರ್ವಹಣಾ ಸಲಹೆ ಕೊಡಿಸಿದರು. ಒಟ್ಟು 38 ಪದ್ಧತಿಗಳು. ದಾಸ್ತಾನಿನ ಲೆಕ್ಕ, ಯಂತ್ರಗಳ ನಿಗದಿತ ದುರಸ್ತಿ, ದೋಷಗಳ ದೈನಂದಿನ ದಾಖಲೆ, ಜೊತೆಗೆ ಪ್ರತಿಯೊಬ್ಬರ ಕೆಲಸದ ಸ್ಪಷ್ಟ ವಿವರಣೆ ಹಾಗೂ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ವರ್ಷದಲ್ಲಿ ಉತ್ಪಾದಕತೆ ಶೇ. 17ರಷ್ಟು ಏರಿತು. ಎಲ್ಲವೂ ಕುಟುಂಬಗಳೇ ನಡೆಸುತ್ತಿದ್ದ ಸಂಸ್ಥೆಗಳು, ಆದ್ದರಿಂದ ನಿಮ್ಮ ಪರಿಸ್ಥಿತಿಗೆ ಅಮೆರಿಕದ ಅಂಕಿಗಳಿಗಿಂತ ಹತ್ತಿರ. ಎಂಟೊಂಬತ್ತು ವರ್ಷಗಳ ಬಳಿಕ ಅದೇ ಸಂಶೋಧಕರು ಮರಳಿ ಹೋಗಿ ನೋಡಿದಾಗ ಸಲಹೆ ಪಡೆದ ಘಟಕಗಳಲ್ಲಿ ರೂಢಿಗೆ ಬಂದಿದ್ದ ಪದ್ಧತಿಗಳಲ್ಲಿ ಸುಮಾರು ಅರ್ಧದಷ್ಟು ಕೈಬಿಟ್ಟುಹೋಗಿದ್ದವು. ಘಟಕದ ಮ್ಯಾನೇಜರ್ ಬದಲಾದದ್ದು ಮತ್ತು ಮಾಲೀಕರಿಗೆ ಸಮಯ ಸಿಗದೆ ಹೋದದ್ದು ಮುಖ್ಯ ಕಾರಣಗಳು. ಹಾಗಿದ್ದರೂ ಸಲಹೆ ಪಡೆಯದ ಘಟಕಗಳಿಗಿಂತ ಅವು ಮುಂದೆಯೇ ಇದ್ದವು. ಈ ಎರಡನೆಯ ಭೇಟಿಯ ವಿಷಯವನ್ನು ಸಲಹೆಗಾರರು ಯಾರೂ ಹೇಳುವುದಿಲ್ಲ ಎಂಬುದನ್ನು ಗಮನಿಸಿದ್ದೇನೆ.

ಅದು ಬರಿಯ ಸಿಬ್ಬಂದಿ ಪದ್ಧತಿಗಳ ಪ್ರಯೋಗವಲ್ಲ ಎಂಬುದನ್ನೂ ಹೇಳಿಬಿಡಬೇಕು. ಶೇ. 17ರಲ್ಲಿ ದಾಸ್ತಾನಿನ ಪಾಲೆಷ್ಟು, ಪ್ರೋತ್ಸಾಹಧನದ ಪಾಲೆಷ್ಟು ಎಂದು ಬಿಡಿಸಿ ಹೇಳುವಂತಿಲ್ಲ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ ಮತ್ತು ಅನಂತ್ ನ್ಯಾಷಧಮ್ ನಡೆಸಿದ ಪ್ರಯೋಗ ಈ ದೃಷ್ಟಿಯಿಂದ ಹೆಚ್ಚು ನೇರವಾದದ್ದು. ಹೊಲಿಗೆ ವಿಭಾಗದ ಮಹಿಳೆಯರಿಗೆ ಸಂವಹನ, ಸಮಯಪಾಲನೆ, ಸಮಸ್ಯೆ ಬಂದಾಗ ಯಾರಿಗೆ ಹೇಗೆ ಹೇಳಬೇಕು ಎಂಬಂಥ ವಿಷಯಗಳಲ್ಲಿ ತರಬೇತಿ ಕೊಟ್ಟಾಗ, ಕಾರ್ಯಕ್ರಮ ಮುಗಿದ ಎಂಟು ತಿಂಗಳೊಳಗೆ ಅದಕ್ಕೆ ಹಾಕಿದ ಹಣಕ್ಕೆ ಸುಮಾರು ಶೇ. 250ರಷ್ಟು ಪ್ರತಿಫಲ ಬಂದಿತೆಂದು ಅವರು ಲೆಕ್ಕ ಹಾಕಿದ್ದಾರೆ. ಇನ್ನೊಂದು ಪ್ರಯೋಗದಲ್ಲಿ, ನಿರೀಕ್ಷಿಸಿದಷ್ಟು ಸಂಬಳ ಏರದೆ ನಿರಾಶರಾಗಿದ್ದ ಗಾರ್ಮೆಂಟ್ ಕಾರ್ಮಿಕರಲ್ಲಿ ಕೆಲವರನ್ನು ಆರಿಸಿ, ಹೆಸರು ಬರೆಯದೆ ತಮ್ಮ ಅಭಿಪ್ರಾಯ ತಿಳಿಸುವ ಅವಕಾಶ ಕೊಡಲಾಯಿತು. ಸೂಪರ್‌ವೈಸರ್ ಹೇಗೆ ನಡೆಸಿಕೊಳ್ಳುತ್ತಾರೆ, ಕೆಲಸದ ಸ್ಥಿತಿ ಹೇಗಿದೆ ಎಂಬ ಪ್ರಶ್ನೆಗಳಷ್ಟೇ. ಆ ಅವಕಾಶ ಪಡೆದವರಲ್ಲಿ ಕೆಲಸ ಬಿಟ್ಟವರೂ ಗೈರುಹಾಜರಾದವರೂ ಕಡಿಮೆ, ಅದರಲ್ಲೂ ಹೆಚ್ಚು ನಿರಾಶರಾಗಿದ್ದವರಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು. ನಿಮ್ಮ ಹಿರಿಯ ಆಪರೇಟರ್ ಜಗಳವಾಡದೆ, ಕೇಳದೆ ಹೋದರು ಎಂಬ ಸಾಲನ್ನು ಓದಿದಾಗ ನನಗೆ ನೆನಪಾದದ್ದು ಇದೇ.

ಈಗ ನಿಮ್ಮ ಅಣ್ಣನವರ ಪರವಾಗಿ ಒಂದು ಮಾತು. ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಬ್ಯಾರನ್ ಮತ್ತು ಮೈಕೆಲ್ ಹ್ಯಾನನ್ 1990ರ ದಶಕದಲ್ಲಿ ಸಿಲಿಕಾನ್ ಕಣಿವೆಯ ಸುಮಾರು 200 ಹೊಸ ತಂತ್ರಜ್ಞಾನ ಕಂಪನಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಸಂಸ್ಥಾಪಕರು ಆರಂಭದಲ್ಲಿ ನೌಕರರೊಡನೆ ಎಂಥ ಸಂಬಂಧವನ್ನು ಕಲ್ಪಿಸಿಕೊಂಡಿದ್ದರು ಎಂಬುದರ ಆಧಾರದ ಮೇಲೆ ಅವರು ಕಂಪನಿಗಳನ್ನು ಐದು ಬಗೆಗಳಾಗಿ ವಿಂಗಡಿಸಿದರು. ಅವುಗಳಲ್ಲಿ ನಿಷ್ಠೆ ಮತ್ತು ಆಪ್ತತೆಯ ಮೇಲೆ ಕಟ್ಟಿದ, ಅಂದರೆ ನಿಮ್ಮ ಅಣ್ಣನವರು ಹೇಳುವಂಥ ಮಾದರಿಯ ಕಂಪನಿಗಳೇ ಮುಚ್ಚಿಹೋಗುವ ಸಂಭವ ಅತಿ ಕಡಿಮೆಯಿತ್ತು. ಆರಂಭದಲ್ಲೇ ಅಧಿಕಾರಶಾಹಿ ಮಾದರಿಯನ್ನು ಹಿಡಿದವು ಬೆಳೆದಂತೆ ಹೆಚ್ಚು ಹೆಚ್ಚು ಮ್ಯಾನೇಜರ್‌ಗಳನ್ನು ಹೊರಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾದದ್ದು, ನಡುವೆ ಮಾದರಿಯನ್ನೇ ಬದಲಾಯಿಸಿದ ಕಂಪನಿಗಳಲ್ಲಿ ಕೆಲಸ ಬಿಡುವವರ ಸಂಖ್ಯೆ ಏರಿತು, ಬಿಟ್ಟವರಲ್ಲಿ ಹಳಬರೇ ಹೆಚ್ಚು, ಅದರಿಂದ ಆದಾಯದ ಬೆಳವಣಿಗೆಗೂ ಪೆಟ್ಟು ಬಿದ್ದಿತು.

ಹಾಗಾದರೆ ನಿಯಮಗಳನ್ನು ಬರೆಯಬಾರದೇ? ನಾನು ಹಾಗೆ ಓದುವುದಿಲ್ಲ. ಸಂಬಂಧದ ಮಾದರಿ ಬೇರೆ, ಅದನ್ನು ಕಾಗದಕ್ಕೆ ಇಳಿಸುವುದು ಬೇರೆ. ಮಗಳ ಮದುವೆಗೆ ಮುಂಗಡ ಕೊಡುವ ಸಂಪ್ರದಾಯವನ್ನು ನಿಲ್ಲಿಸಿ ಬ್ಯಾಂಕಿಗೆ ಹೋಗಿ ಎಂದರೆ ಮಾದರಿ ಬದಲಾಯಿತು. ಮೂರು ವರ್ಷ ಸೇವೆ ಮುಗಿಸಿದ ಯಾರಿಗಾದರೂ ಇಷ್ಟು ತಿಂಗಳ ಸಂಬಳದಷ್ಟು ಮುಂಗಡ, ಇಷ್ಟು ಕಂತುಗಳಲ್ಲಿ ಕಡಿತ ಎಂದು ಬರೆದರೆ ಅದೇ ಮಾದರಿ 150 ಜನರಿಗೂ ತಲುಪಿತು. ಹಾಜರಿಪುಸ್ತಕದವರು ಹೇಳಿದ ಕ್ರಮವನ್ನು ನಾನು ಇದೇ ಕಾರಣಕ್ಕೆ ಒಪ್ಪುತ್ತೇನೆ.

ರಾತ್ರಿ ಪಾಳಿಯ ಸೆಟ್ಟರ್ ಉತ್ತರಿಸಿದ್ದು

ಎಲ್ಲರೂ ಮಾಲೀಕರ ಕಡೆಯಿಂದ ಬರೆದಿದ್ದಾರೆ, ನಾನು ಯಂತ್ರದ ಕಡೆಯಿಂದ ಬರೆಯುತ್ತೇನೆ. ಹನ್ನೊಂದು ವರ್ಷ ಆಪರೇಟರ್ ಆಗಿದ್ದು ಈಗ ಸೆಟ್ಟರ್, ಅಂದರೆ ಹೊಸ ಕೆಲಸಕ್ಕೆ ಯಂತ್ರವನ್ನು ಹೊಂದಿಸುವವನು, ಆಗಿದ್ದೇನೆ, ಇದೇ ವರ್ಷ ಪಾಳಿಯ ಉಸ್ತುವಾರಿಯನ್ನೂ ಕೊಟ್ಟಿದ್ದಾರೆ.

ಸೂಪರ್‌ವೈಸರ್‌ಗಳು ಎಲ್ಲರಿಗೂ ಮೂರು ಅಂಕ ಹಾಕಿದ್ದು ಸೋಮಾರಿತನದಿಂದಲ್ಲ. ಒಬ್ಬನಿಗೆ ಎರಡು ಹಾಕಿದರೆ ಮರುದಿನ ಅವನೊಡನೆ ಅದೇ ಯಂತ್ರದ ಮುಂದೆ ಎಂಟು ಗಂಟೆ ನಿಲ್ಲಬೇಕಾದವರು ಅವರು. ನಾಲ್ಕು ಹಾಕಿದರೆ ಸಂಬಳ ಏರುತ್ತದೆಯೇ ಎಂದು ಕೇಳಿದವನಿಗೆ ಕೊಡಲು ಅವರ ಬಳಿ ಉತ್ತರವಿಲ್ಲ. ‘ಮುಂದಾಳತ್ವ’, ‘ಸ್ವಯಂಪ್ರೇರಣೆ’ ಎಂಬ ಅಂಕಣಗಳಲ್ಲಿ ಏನನ್ನು ನೋಡಿ ಅಂಕ ಹಾಕಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ನಿನ್ನೆಯವರೆಗೆ ಯಂತ್ರ ನಡೆಸುತ್ತಿದ್ದ ನನ್ನಂಥವರನ್ನು ಸಂಖ್ಯೆ ಹೆಚ್ಚಾಯಿತೆಂದು ಉಸ್ತುವಾರಿ ಮಾಡಿಬಿಡುತ್ತಾರೆ. ಟೂಲ್ ಬದಲಾಯಿಸುವುದನ್ನು ಆರು ತಿಂಗಳು ಕಲಿಸುತ್ತಾರೆ, ಇಪ್ಪತ್ತು ಜನರನ್ನು ನಡೆಸುವುದನ್ನು ಆರು ನಿಮಿಷವೂ ಕಲಿಸುವುದಿಲ್ಲ.

ನಾನು ಈಗಿರುವ ಕಾರ್ಖಾನೆಯಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ ಒಂದು ಹಲಗೆ. ಎಡಗಡೆ ನಮ್ಮ ಹೆಸರುಗಳು, ಮೇಲೆ ಯಂತ್ರಗಳು. ಒಬ್ಬನು ಆ ಯಂತ್ರದಲ್ಲಿ ಕಲಿಯುತ್ತಿದ್ದರೆ ವೃತ್ತದ ಕಾಲು ಭಾಗ ತುಂಬಿರುತ್ತದೆ, ಒಬ್ಬನೇ ನಡೆಸಬಲ್ಲವನಾದರೆ ಅರ್ಧ, ಅಳತೆ ತಪ್ಪಿದಾಗ ಆಫ್‌ಸೆಟ್ (ಯಂತ್ರದಲ್ಲಿನ ಅಳತೆಯ ಹೊಂದಾಣಿಕೆ) ತಾನೇ ತಿದ್ದಬಲ್ಲವನಾದರೆ ಮುಕ್ಕಾಲು, ಹೊಸ ಜಾಬ್ ಸೆಟ್ ಮಾಡಿ ಬೇರೆಯವರಿಗೂ ಕಲಿಸಬಲ್ಲವನಾದರೆ ಪೂರ್ತಿ. ಕಾಲಿನಿಂದ ಅರ್ಧಕ್ಕೆ ಹೋಗಲು ಮೊದಲ ಐದು ಪೀಸ್‌ಗಳನ್ನು ಕ್ವಾಲಿಟಿಯವರ ಎದುರು ತೆಗೆದು ತೋರಿಸಬೇಕು. ಪ್ರತಿ ಹಂತಕ್ಕೂ ಎಷ್ಟು ರೂಪಾಯಿ ಎಂಬುದನ್ನು ಹಲಗೆಯ ಕೆಳಗೇ ಬರೆದಿದೆ. ಈ ಹಲಗೆ ಬರುವ ಮೊದಲು ರಾತ್ರಿ ಪಾಳಿಗೆ ಹೊಸ ಹುಡುಗರನ್ನೇ ತುಂಬುತ್ತಿದ್ದರು, ಹಳಬರು ಹಗಲನ್ನು ಹಿಡಿದುಕೊಂಡಿರುತ್ತಿದ್ದರು. ಪಾಳಿಗೆ ಕನಿಷ್ಠ ಇಬ್ಬರು ಮುಕ್ಕಾಲಿನವರು ಇರಲೇಬೇಕೆಂದು ಹಲಗೆ ನೋಡಿ ನಿಯಮ ಮಾಡಿದ ಮೇಲೆ ರಾತ್ರಿಯ ರಿಜೆಕ್ಷನ್ ಇಳಿಯಿತು. ತಾವು ಬರೆದ ಎರಡರಷ್ಟು ರಿಜೆಕ್ಷನ್‌ಗೂ ಇದೇ ಕಾರಣವಿರಬಹುದು, ಒಮ್ಮೆ ರಾತ್ರಿ ಎರಡು ಗಂಟೆಗೆ ಹೋಗಿ ಯಾರು ಯಾವ ಯಂತ್ರದ ಮುಂದೆ ನಿಂತಿದ್ದಾರೆಂದು ನೋಡಿ ಸರ್.

ಇನ್ನೊಂದು ಮಾತು. ಕೆಲಸ ಕಲಿಸಿದವರಿಗಿಂತ ಕಲಿತವನಿಗೆ ಹೆಚ್ಚು ಸಂಬಳ ಬಂದದ್ದು ಹೇಗೆಂದು ನಮಗೆಲ್ಲ ಗೊತ್ತು. ಹೊಸಬರನ್ನು ಮಾರುಕಟ್ಟೆಯ ದರಕ್ಕೆ ತರುತ್ತೀರಿ, ಹಳಬರಿಗೆ ಮೊದಲಿನ ಸಂಬಳದ ಮೇಲೆ ವರ್ಷಕ್ಕಿಷ್ಟು ಎಂದು ಏರಿಸುತ್ತೀರಿ. ನಿಷ್ಠೆಯಿಂದ ಉಳಿದವರಿಗೇ ನಷ್ಟ.

ಪೀಣ್ಯದ ಪಾಲುದಾರ ಬರೆದದ್ದು

ಮೂವರಿಗೂ ಕೃತಜ್ಞತೆಗಳು. ಸೆಟ್ಟರ್ ಅವರೇ, ನೀವು ಹೇಳಿದಂತೆ ಮೊನ್ನೆ ಗುರುವಾರ ರಾತ್ರಿ ಹೋಗಿದ್ದೆ. ಹನ್ನೊಂದು ಯಂತ್ರಗಳಿಗೆ ಒಬ್ಬರೇ ಅನುಭವಿ ಇದ್ದರು, ಅವರೂ ಆ ಹೊತ್ತಿಗೆ ಕಾಂಪ್ರೆಸರ್ ದುರಸ್ತಿಯಲ್ಲಿದ್ದರು. ಹಲಗೆಯ ಕೆಲಸವನ್ನು ಆರಂಭಿಸಿದ್ದೇವೆ. ಕಾನೂನಿನ ವಿಷಯದಲ್ಲಿ ನನಗೆ ಇನ್ನೂ ಗೊಂದಲವಿದೆ. 150 ಜನರ ಘಟಕಕ್ಕೆ ಯಾವುದು ಕಡ್ಡಾಯ, ಯಾವುದು ನಮ್ಮ ಇಚ್ಛೆಗೆ ಬಿಟ್ಟದ್ದು ಎಂದು ತಿಳಿದವರು ಸಂಕ್ಷಿಪ್ತವಾಗಿ ಹೇಳಬಹುದೇ?

ಕಾರ್ಮಿಕ ಕಾನೂನು ಓದಿದವಳು ಉತ್ತರಿಸಿದ್ದು

ಸಂಕ್ಷಿಪ್ತವಾಗಿಯೇ ಹೇಳುತ್ತೇನೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಹಳೆಯ ಕೈಪಿಡಿಗಳಲ್ಲಿ ಬರೆದ ಹಲವು ಮಿತಿಗಳು ಬದಲಾಗಿವೆ. ಸ್ಥಾಯಿ ಆದೇಶಗಳನ್ನೇ (ರಜೆ, ಶಿಸ್ತುಕ್ರಮ ಮುಂತಾದವುಗಳ ಲಿಖಿತ ಸೇವಾ ನಿಯಮಗಳನ್ನೇ) ನೋಡಿ: 1946ರ ಕಾಯ್ದೆಯಡಿ ಕರ್ನಾಟಕದಲ್ಲಿ 50 ಕಾರ್ಮಿಕರಿದ್ದರೂ ಅವು ಅನ್ವಯಿಸುತ್ತಿದ್ದವು, ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಮಿತಿ 300. ಅಂದರೆ ನಿಮಗೆ ಕಡ್ಡಾಯವಲ್ಲ. ಕಡ್ಡಾಯವಲ್ಲದ್ದರಿಂದ ಬೇಡವೆಂದುಕೊಳ್ಳಬೇಡಿ. ಶಿಸ್ತುಕ್ರಮಕ್ಕೆ ಲಿಖಿತ ವಿಧಾನವಿಲ್ಲದ ಮಾಲೀಕರು ಕಾರ್ಮಿಕ ನ್ಯಾಯಾಲಯದಲ್ಲಿ ತಡಬಡಾಯಿಸುವುದನ್ನು ನಾನು ಸಾಕಷ್ಟು ನೋಡಿದ್ದೇನೆ.

20 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಅದರಲ್ಲಿ ಆಡಳಿತದವರೂ ಕಾರ್ಮಿಕರ ಪ್ರತಿನಿಧಿಗಳೂ ಸಮಸಂಖ್ಯೆಯಲ್ಲಿರಬೇಕು. ಪ್ರತಿಯೊಬ್ಬ ನೌಕರರಿಗೂ ನೇಮಕ ಪತ್ರ ಕೊಡಲೇಬೇಕು. ಕೆಲಸ ಬಿಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ನಿಮ್ಮಲ್ಲಿ ಮುಂದಿನ ತಿಂಗಳ ಏಳನೇ ತಾರೀಖಿಗೆ ಬನ್ನಿ ಎನ್ನುವ ಅಭ್ಯಾಸವಿದ್ದರೆ ಇಂದೇ ಬಿಡಿ. ಓಟಿಗೆ ಎರಡರಷ್ಟು ದರ ಎಂಬುದು ಹಿಂದಿನಿಂದಲೂ ಇದ್ದದ್ದು, ಈಗಲೂ ಇದೆ. ಮೂಲವೇತನವನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ಹಿಗ್ಗಿಸುವ ಹಳೆಯ ಉಪಾಯ ಇನ್ನು ನಡೆಯದು. ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು, ಅದರಿಂದ ಗ್ರಾಚ್ಯುಟಿಯ ಲೆಕ್ಕವೂ ಬದಲಾಗುತ್ತದೆ. ನಿಶ್ಚಿತ ಅವಧಿಗೆ ನೇಮಕಗೊಂಡವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷಕ್ಕೇ ಗ್ರಾಚ್ಯುಟಿ ಸಲ್ಲುತ್ತದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಆಂತರಿಕ ಸಮಿತಿಗೆ 10 ಜನರ ಮಿತಿ, ನೀವು ಅದನ್ನು ಎಂದೋ ದಾಟಿದ್ದೀರಿ.

ನಿಮ್ಮ ಮೊದಲ ಪತ್ರದಲ್ಲಿ ‘ಗುತ್ತಿಗೆಯವರನ್ನೂ ಸೇರಿಸಿ’ ಎಂದು ಬರೆದಿದ್ದೀರಿ. ಗುತ್ತಿಗೆಯವರು ತೋಟ, ಸ್ವಚ್ಛತೆ, ಕಾವಲು ಇಂಥವುಗಳಲ್ಲಿದ್ದರೆ ಚಿಂತೆಯಿಲ್ಲ. ಸಿಎನ್‌ಸಿ ಯಂತ್ರಗಳನ್ನೇ ಅವರು ನಡೆಸುತ್ತಿದ್ದರೆ ಅದು ನಿಮ್ಮ ಘಟಕದ ಮೂಲ ಕೆಲಸ. 50 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವಲ್ಲಿ ಮೂಲ ಕೆಲಸಕ್ಕೆ ಅವರನ್ನು ಬಳಸುವುದನ್ನು ಹೊಸ ಸಂಹಿತೆ ನಿಷೇಧಿಸುತ್ತದೆ. ನಿಗದಿತ ಕಾಲದೊಳಗೆ ಮುಗಿಸಬೇಕಾದ ಕೆಲಸ ಹಠಾತ್ತಾಗಿ ಹೆಚ್ಚಾದಾಗ ಎಂಬಂಥ ಕೆಲವು ವಿನಾಯಿತಿಗಳಿವೆ, ಆದರೆ ನಾಲ್ಕು ವರ್ಷಗಳಿಂದ ಸತತವಾಗಿ ಬೆಳೆಯುತ್ತಿರುವುದನ್ನು ಹಠಾತ್ ಎನ್ನಲು ಬರುವುದಿಲ್ಲ. ಇದನ್ನು ನಿಮ್ಮ ವಕೀಲರೊಡನೆ ಕುಳಿತು ಬೇಗ ನೋಡಿ.

ಪೀಣ್ಯದ ಪಾಲುದಾರ ಬರೆದದ್ದು

ಮೇಡಂ, ನಮ್ಮಲ್ಲಿ ಗುತ್ತಿಗೆಯ 41 ಜನರಲ್ಲಿ 26 ಜನ ಯಂತ್ರಗಳ ಮೇಲೆಯೇ ಇದ್ದಾರೆ. ವಕೀಲರನ್ನು ಕಂಡಿದ್ದೇವೆ. ಗುತ್ತಿಗೆಯವರ ಸಂಖ್ಯೆ 50ಕ್ಕಿಂತ ಕಡಿಮೆಯಿದ್ದರೂ ಆ 26 ಜನರನ್ನು ಎರಡು ಕಂತುಗಳಲ್ಲಿ ನಮ್ಮದೇ ಹಾಜರಿಗೆ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಅದರ ಖರ್ಚನ್ನು ಲೆಕ್ಕ ಹಾಕಿದಾಗ ಗುತ್ತಿಗೆದಾರರಿಗೆ ಕೊಡುತ್ತಿದ್ದ ಕಮಿಷನ್ ಕಳೆದು ನಾವು ಹೆದರಿದ್ದಕ್ಕಿಂತ ಬಹಳ ಕಡಿಮೆ ಬಂದಿತು.

ಎರಡು ತಿಂಗಳಲ್ಲಿ ಆದದ್ದನ್ನು ಕೇಳಿದವರಿಗಾಗಿ ಬರೆಯುತ್ತೇನೆ. ಹಲಗೆ ಸಿದ್ಧವಾದ ಮೇಲೆ ಪ್ರತಿಯೊಬ್ಬರ ಹಂತ ಮತ್ತು ಸಂಬಳವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಮುಕ್ಕಾಲು ವೃತ್ತದ ಹನ್ನೊಂದು ಜನರಿಗೆ ಅರ್ಧ ವೃತ್ತದವರಿಗಿಂತ ಕಡಿಮೆ ಕೊಡುತ್ತಿದ್ದದ್ದು ಕಂಡುಬಂದಿತು. ಹನ್ನೊಂದರಲ್ಲಿ ಒಂಬತ್ತು ಜನ ಆರಂಭದ 34ರಲ್ಲಿದ್ದವರು. ಅಣ್ಣ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಮರುದಿನ ಒಬ್ಬೊಬ್ಬರನ್ನೇ ಕರೆದು ಹೆಚ್ಚಳದ ಪತ್ರವನ್ನು ತಾವೇ ಕೊಟ್ಟರು. ಹಾಜರಿಯ ಪಟ್ಟಿಯನ್ನು ಗೋಡೆಗೆ ಅಂಟಿಸುವುದಕ್ಕೆ ಮಾತ್ರ ಅವರು ಇನ್ನೂ ಒಪ್ಪಿಲ್ಲ, ಒಬ್ಬರ ಲೆಕ್ಕ ಇನ್ನೊಬ್ಬರಿಗೇಕೆ ಎನ್ನುತ್ತಾರೆ. ಸದ್ಯಕ್ಕೆ ಅದನ್ನು ಪ್ರತಿಯೊಬ್ಬರಿಗೂ ಪ್ರತ್ಯೇಕ ಚೀಟಿಯಾಗಿ ಕೊಡುತ್ತಿದ್ದೇವೆ. ರಾತ್ರಿಯ ರಿಜೆಕ್ಷನ್ ಇಳಿದಿದೆ, ಆದರೆ ಹಗಲಿನ ಮಟ್ಟಕ್ಕೆ ಬಂದಿಲ್ಲ. ಹಗಲನ್ನು ಬಿಟ್ಟು ರಾತ್ರಿಗೆ ಬರಲೊಪ್ಪದ ಇಬ್ಬರು ಹಳಬರೊಡನೆ ಮಾತುಕತೆ ನಡೆಯುತ್ತಿದೆ.

ಮುಂಗಡದ ನಿಯಮ ಒಂದೂವರೆ ಪುಟದಲ್ಲಿ ಬರೆದು ಮುಗಿದಿದೆ. ಅಣ್ಣನ ಡೈರಿಯಲ್ಲಿ ಬಾಕಿಯಿರುವ ಹದಿನೇಳು ಜನರ ಮೊತ್ತಗಳನ್ನು ಬರುವ ಶನಿವಾರ ಅವರವರ ಎದುರಿಗೇ ಓದಿ, ಸಹಿ ಹಾಕಿಸಿಕೊಂಡು, ಲೆಕ್ಕಪತ್ರ ವಿಭಾಗದ ಪುಸ್ತಕಕ್ಕೆ ಏರಿಸುತ್ತೇವೆ. ಕಳೆದ ಜೂನ್‌ನಲ್ಲಿ ಬಿಟ್ಟುಹೋದ ಹಿರಿಯರಿಗೂ ಫೋನ್ ಮಾಡಿದ್ದೆ, ಬೇರೆಡೆ ಸೇರಿಕೊಂಡಿದ್ದಾರೆ, ಸದ್ಯಕ್ಕೆ ಬರುವುದಿಲ್ಲವೆಂದರು.